ಐವತ್ತು ದಿನ ಕಡಿಮೆ

ಅರವತ್ತೈದು ತುಂಬುವವರಿಗೆ ಸರ್ಕಾರದ ಆರೋಗ್ಯ ವಿಮೆಗೆ ಹೆಸರು ಬರೆಸಲು ಏಳು ತಿಂಗಳ ಅವಕಾಶ ಇರುತ್ತದೆ. ಹುಟ್ಟಿದ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು. ಬೆತ್ತದಮ್ಮ ಆರು ತಿಂಗಳು ಸುಮ್ಮನೆ ಕಳೆದು, ಏಳನೆಯದರಲ್ಲಿ ಹತ್ತು ದಿನ ಉಳಿದಿರುವಾಗ ಕಚೇರಿಯ ಮೆಟ್ಟಿಲು ಹತ್ತಿದಳು. ಅದೂ ತಾನಾಗಿ ಹೋದದ್ದಲ್ಲ. ಔಷಧದಂಗಡಿಯಲ್ಲಿ ಕೆಲಸ ಮಾಡುವ ತಂಗಿಯ ಮಗಳು ಕೈ ಹಿಡಿದು ಎಳೆದುಕೊಂಡು ಹೋದದ್ದು.

ಬೀದಿಯವರು ಅವಳನ್ನು ಕರೆಯುತ್ತಿದ್ದುದೇ ಬೆತ್ತದಮ್ಮ ಎಂದು. ಕುರ್ಚಿಗಳಿಗೆ ಬೆತ್ತ ಹೆಣೆಯುವುದು ಅವಳ ಕೆಲಸ. ಕೂರುವ ಜಾಗ ಹರಿದ ಕುರ್ಚಿಯನ್ನು ಜನ ತಂದು ಅವಳ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಅವಳು ಎಳೆಗಳನ್ನು ನೀರಲ್ಲಿ ನೆನೆಹಾಕಿ, ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ, ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಮೂಲೆಯಿಂದ ಮೂಲೆಗೆ ಎರಡು ಸಲ ಹೆಣೆದು, ನಾಲ್ಕನೇ ದಿನ ಹೊಸದರ ಹಾಗೆ ಮಾಡಿ ಕೊಡುತ್ತಿದ್ದಳು. ಕಾಯಿಲೆ ಕಸಾಲೆ ಅಂತ ಮಲಗಿದವಳಲ್ಲ. "ಗುಂಡುಕಲ್ಲಿನ ಹಾಗಿದ್ದೀನಿ, ನನಗ್ಯಾಕೆ ವಿಮೆ ಕಾರ್ಡು" ಎನ್ನುವುದು ಅವಳ ವಾದ. ಆದರೆ ಆ ವರ್ಷ ಬಲಗಣ್ಣಿಗೆ ಪೊರೆ ಬಂದಿತ್ತು, ಎಡಗಣ್ಣಿಗೂ ಶುರುವಾಗಿತ್ತು. ಯಾವುದು ತೂತು, ಯಾವುದು ನೆರಳು ಎಂದು ಬೆರಳಿಂದ ತಡವಿ ನೋಡಬೇಕಾಗಿತ್ತು. ಒಂದು ದಿನ ಬೆಳಿಗ್ಗೆ ಬಂದ ತಂಗಿಯ ಮಗಳು, ದೊಡ್ಡಮ್ಮ ಟೀಯನ್ನು ಲೋಟದ ಪಕ್ಕಕ್ಕೆ ಸುರಿಯುತ್ತಿರುವುದನ್ನು ಕಂಡಳು.

"ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ್ರಂತೆ, ಹಾಗಾಯ್ತು ನಿಮ್ಮ ಕಥೆ. ಏಳಿ ದೊಡ್ಡಮ್ಮ, ಇನ್ನು ಹತ್ತೇ ದಿನ ಇರೋದು."

ಕೌಂಟರಿನಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಕೂತಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ದಿನಕ್ಕೆ ನೂರು ಮುದುಕರಿಗೆ ಅದೇ ಮಾತು ಹೇಳಿಯೂ ಬೇಸರ ತೋರಿಸದ ಮುಖ.

"ಎಲ್ಲಾದ್ರೂ ಕೆಲಸ ಮಾಡಿದ್ರಾಮ್ಮ?"

"ಈಗ್ಲೂ ಮಾಡ್ತೀನಲ್ಲ."

"ಹಾಗಲ್ಲ. ಸಂಬಳದಲ್ಲಿ ವಿಮೆಗೆ ಅಂತ ಹಿಡಿದು ಕಟ್ಟೋ ಕಡೆ. ಅಂಥ ಕೆಲಸ ಹತ್ತು ವರ್ಷ ಮಾಡಿದ್ರೆ ನಿಮ್ಮ ಹೆಸರಲ್ಲೇ ಕಾರ್ಡ್ ಬರುತ್ತೆ." ಅವಳು ಕಂಪ್ಯೂಟರಿನ ಕೀಲಿಗಳನ್ನು ಒತ್ತಿ ನೋಡಿದಳು. "ಫರ್ನಿಚರ್ ಕಾರ್ಖಾನೆ. ಮದುವೆಗೆ ಮುಂಚೆ ಆರು ವರ್ಷ, ಆಮೇಲೆ ಎರಡು ವರ್ಷ ಒಂಬತ್ತು ತಿಂಗಳು. ಒಟ್ಟು ಎಂಟು ಮುಕ್ಕಾಲು."

"ಅದಾದ ಮೇಲೆ ಇಪ್ಪತ್ತೆಂಟು ವರ್ಷ ಮನೇಲಿ ಕೂತು ಹೆಣೆದಿದ್ದೀನಲ್ಲ, ಅದು?"

"ಅದನ್ನ ಯಾರೂ ಬರೆದಿಟ್ಟಿಲ್ಲಮ್ಮ."

"ಈ ಊರಲ್ಲಿ ಅರ್ಧ ಜನ ನಾನು ಹೆಣೆದಿದ್ದರ ಮೇಲೇ ಕೂತಿರೋದು. ಕೇಳಿ ನೋಡಿ."

"ನಾನೂ ಕೂತಿರಬಹುದು," ಎಂದು ಅವಳು ನಕ್ಕಳು. "ಕಂಪ್ಯೂಟರ್ ಕೂತಿಲ್ವಲ್ಲ, ಅದೇ ಕಷ್ಟ. ಸರಿ, ಯಜಮಾನ್ರು?"

"ಬಿಟ್ಟಾಯ್ತು. ಮೂವತ್ತೊಂದು ವರ್ಷ ಆಯ್ತು."

"ಮತ್ತೆ ಮದುವೆ ಮಾಡ್ಕೊಂಡ್ರಾ?"

"ಇಲ್ಲ."

"ಹಾಗಾದ್ರೆ ಒಂದು ದಾರಿ ಇದೆ. ಮದುವೆ ಹತ್ತು ವರ್ಷ ಉಳಿದಿದ್ರೆ, ಬಿಟ್ಟ ಮೇಲೂ ಅವರು ದುಡಿದದ್ದರ ಮೇಲೆ ನಿಮಗೆ ಕಾರ್ಡ್ ಸಿಗುತ್ತೆ. ಎಷ್ಟು ವರ್ಷ ಜೊತೇಲಿದ್ರಿ?"

"ಹತ್ತು," ಎಂದಳು ಬೆತ್ತದಮ್ಮ. ಯಾರು ಕೇಳಿದರೂ ಅವಳು ಹಾಗೇ ಹೇಳುತ್ತಿದ್ದಳು. ಹತ್ತು ವರ್ಷ ಬಾಳಿದೆ, ಆಮೇಲೆ ಬಿಟ್ಟೆ. ಎಣಿಸಿ ನೋಡಿದವಳಲ್ಲ.

"ಅವರ ವಿಮೆ ನಂಬರ್, ಮದುವೆ ಪತ್ರ, ಕೋರ್ಟಿನ ಪತ್ರ, ಮೂರೂ ತಗೊಂಡು ಬನ್ನಿ. ಗಡುವಿನ ಒಳಗೆ."

ಹೊರಗೆ ಬಂದ ಮೇಲೆ ತಂಗಿಯ ಮಗಳು ಫೋನು ತೆಗೆದಳು. "ದೊಡ್ಡಪ್ಪನ ಫೋನ್ ನಂಬರ್ ಹುಡುಕಿಸಿ ಕೊಡ್ಲಾ?"

"ಬೇಡ. ನಾನೇ ಹೋಗ್ತೀನಿ."

"ನಾನೂ ಬರ್ತೀನಿ."

"ನೀನೂ ಬೇಡ," ಎಂದಳು ಬೆತ್ತದಮ್ಮ. ದನಿ ಸ್ವಲ್ಪ ಜೋರಾಗಿಯೇ ಬಂತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಅವರಿಬ್ಬರಿಗೆ ಜಗಳವೇ ಆಗಲಿಲ್ಲ, ಅದೇ ತೊಂದರೆಯಾದದ್ದು. ಅವನು ಲಿಫ್ಟ್ ರಿಪೇರಿಯವನು. ಊರಲ್ಲಿ ಯಾವ ಲಿಫ್ಟ್ ಕೆಟ್ಟು ನಿಂತರೂ ಓಡಬೇಕು. ಕುಡಿತವಿಲ್ಲ, ಕೈ ಎತ್ತಿದವನಲ್ಲ, ಅವಳ ತಲೆನೋವಿಗೆ ಕೇಳದೆಯೇ ಮಾತ್ರೆ ತಂದಿಡುವವನು. ಮಾತು ಮಾತ್ರ ಇಲ್ಲ. ಮಕ್ಕಳಾಗಲಿಲ್ಲ, ಅದರ ಬಗ್ಗೆಯೂ ಮಾತಿಲ್ಲ. ಮಾತು ಬೆಳ್ಳಿ ಮೌನ ಬಂಗಾರ ಎಂದರೆ ಆ ಮನೆಯಲ್ಲಿ ಬಂಗಾರ ರಾಶಿ ಬಿದ್ದಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಅವಳು, "ನಿಮ್ಮ ಜೊತೆ ಇರೋದೂ ಒಂದೇ, ಒಬ್ಬಳೇ ಇರೋದೂ ಒಂದೇ" ಅಂದುಬಿಟ್ಟಳು. ಹಾಗನ್ನಬೇಡ ಎನ್ನಲಿ, ಕೂಗಾಡಲಿ, ತಟ್ಟೆಯನ್ನಾದರೂ ಎಸೆಯಲಿ ಎಂದು ಆಡಿದ ಮಾತು. ಅವನು ತಟ್ಟೆ ನೋಡಿಕೊಂಡೇ, "ನಿನಗೆ ಹೇಗೆ ಬೇಕೋ ಹಾಗೆ" ಅಂದ. ಅಲ್ಲಿಂದ ವಕೀಲರ ಮನೆ, ವಕೀಲರ ಮನೆಯಿಂದ ಕೋರ್ಟು. ದಾರಿಯುದ್ದಕ್ಕೂ ಅವಳು ಅವನ ಒಂದು 'ಬೇಡ'ಕ್ಕೆ ಕಾದಳು. ನ್ಯಾಯಾಧೀಶರು ಕೇಳಿದಾಗ ಅವನ ದನಿ "ಒಪ್ಪಿಗೆ" ಅಂದದ್ದು ಕೇಳಿಸಿತು, ಅಷ್ಟೆ.

ಅದಾದ ಮೇಲೆ ಈ ಮೂವತ್ತೊಂದು ವರ್ಷದಲ್ಲಿ ಅವನನ್ನು ಮೂರು ಸಲ ಕಂಡಿದ್ದಳು. ಒಮ್ಮೆ ಮಾರುಕಟ್ಟೆಯಲ್ಲಿ ಬೆನ್ನ ಕಡೆಯಿಂದ. ಒಮ್ಮೆ ಯಾರದೋ ಸಾವಿನ ಮನೆಯಲ್ಲಿ, ಜನರ ತಲೆಗಳ ನಡುವೆ. ಇನ್ನೊಮ್ಮೆ ಬಸ್ಸಿನ ಕಿಟಕಿಯಿಂದ, ಅವನು ರಸ್ತೆ ದಾಟಲು ನಿಂತಿದ್ದಾಗ. ಆ ದಿನ ಇಳಿಯಬೇಕಾದ ಸ್ಟಾಪಿನಲ್ಲಿ ಇಳಿಯುವುದನ್ನು ಮರೆತು ಕೊನೆಯ ಸ್ಟಾಪಿನವರೆಗೂ ಹೋಗಿದ್ದಳು.

ಅವನು ನಿವೃತ್ತನಾಗಿ ಊರಿನ ಆಚೆ ತುದಿಯಲ್ಲಿ ಐದು ಮಹಡಿಯ ಹಳೆಯ ಕಟ್ಟಡವೊಂದರಲ್ಲಿ ಇದ್ದಾನೆಂದು ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದರೆ ಹೇಳಲಾರಳು. ಇಂಥವೆಲ್ಲ ಹೇಗೋ ಗೊತ್ತಿರುತ್ತವೆ. ಆ ಕಟ್ಟಡದ ಲಿಫ್ಟಿಗೆ ಕಬ್ಬಿಣದ ಜಾಲರಿ ಬಾಗಿಲು. ಒಳಗೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದಳು: ಜಾಲರಿಯನ್ನು ಪೂರ್ತಿ ಎಳೆಯಿರಿ. ಅರ್ಧ ಎಳೆದರೆ ಲಿಫ್ಟ್ ಹೊರಡುವುದಿಲ್ಲ. ಲಿಫ್ಟನ್ನು ಬೈಯಬೇಡಿ, ಅದು ನಿಮ್ಮ ಒಳ್ಳೆಯದಕ್ಕೇ ನಿಂತಿರುತ್ತದೆ.

ಅವನದೇ ಬರಹ. ನನ್ನ ಹತ್ತಿರ ಇಷ್ಟು ಮಾತು ಒಂದು ವಾರಕ್ಕೂ ಆಡಿದವರಲ್ಲವಲ್ಲ ಎಂದುಕೊಂಡು ಜಾಲರಿಯನ್ನು ಪೂರ್ತಿ ಎಳೆದಳು.

ಮೂರನೇ ಮಹಡಿಯಲ್ಲಿ ಬಾಗಿಲು ತಟ್ಟಿದ ಮೇಲೆ, ಏನೆಂದು ಕರೆಯಬೇಕೆನ್ನುವುದು ಹೊಳೆಯಲಿಲ್ಲ. ಅಷ್ಟರಲ್ಲಿ ನಾಲಿಗೆಯೇ ಮುಂದಾಗಿ "ರೀ" ಅಂದುಬಿಟ್ಟಿತು.

ಬಾಗಿಲು ತೆರೆಯಿತು. "ಬಾ," ಎಂದ ಅವನು, ಅವಳು ಅಂಗಡಿಗೆ ಹೋಗಿ ಬಂದಳೆಂಬಂತೆ. ಆಮೇಲೆ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ.

ಪೊರೆ ಬಂದ ಕಣ್ಣಿಗೆ ಅವನ ಮುಖ ಮಸುಕಾಗಿ ಕಂಡಿತು. ಸುಕ್ಕುಗಳು ಕಾಣಲಿಲ್ಲ. ತಲೆ ಬೆಳ್ಳಗಾಗಿದೆ ಎನ್ನುವುದನ್ನು ಬಿಟ್ಟರೆ ಅಂದಿನ ಮುಖವೇ. ಅವಳು ನಿಂತಲ್ಲೇ ನಿಂತು, ಕೌಂಟರಿನವಳು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಕೂತುಕೋ ಎಂದದ್ದು ಕೇಳಿಸಿತು, ಕೂರಲಿಲ್ಲ. ಅವನು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದ. ಮದುವೆ ಪತ್ರ, ಕೋರ್ಟಿನ ಪತ್ರ, ಎರಡೂ ಒಂದೇ ಲಕೋಟೆಯಲ್ಲಿದ್ದವು.

"ಎರಡನ್ನೂ ಇಟ್ಕೊಂಡಿದ್ರಾ?"

"ಬಿಸಾಕೋಕೆ ಯಾರೂ ಹೇಳಲಿಲ್ಲವಲ್ಲ." ಆಮೇಲೆ ಕೇಳಿದ, "ಕಣ್ಣಿಗೆ ಏನಾಗಿದೆ?"

"ಪೊರೆ. ಎಲ್ಲರಿಗೂ ಬರೋದೇ. ನಂಬರ್ ಒಂದು ಬರೆದುಕೊಡಿ, ಹೋಗ್ತೀನಿ."

ಅವನು ಪೆನ್ನು ತೆಗೆದುಕೊಂಡ, ಮತ್ತೆ ಕೆಳಗಿಟ್ಟ. "ನಾಳೆ ನಾನೇ ಬರ್ತೀನಿ. ಅವರು ಏನಾದ್ರೂ ಕೇಳಿದ್ರೆ?"

ಮಾರನೆಯ ಬೆಳಿಗ್ಗೆ ಅವಳಿಗಿಂತ ಮುಂಚೆ ಬಂದು ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಅಂಗಿ ಇಸ್ತ್ರಿಯಾಗಿತ್ತು. ಕೌಂಟರಿನವಳು ಇಬ್ಬರನ್ನೂ ನೋಡಿ ಇನ್ನೊಂದು ಕುರ್ಚಿ ಎಳೆಸಿದಳು. ಎರಡು ಪತ್ರಗಳನ್ನು ಪಕ್ಕಪಕ್ಕ ಇಟ್ಟು ತಾರೀಖುಗಳನ್ನು ಬರೆದುಕೊಂಡಳು. ಒಮ್ಮೆ ಎಣಿಸಿದಳು. ಕನ್ನಡಕ ಮೇಲಕ್ಕೆ ತಳ್ಳಿ ಮತ್ತೊಮ್ಮೆ ಎಣಿಸಿದಳು.

"ಒಂಬತ್ತು ವರ್ಷ, ಹತ್ತು ತಿಂಗಳು, ಹನ್ನೊಂದು ದಿನ," ಎಂದಳು. "ಐವತ್ತು ದಿನ ಕಡಿಮೆ ಬೀಳುತ್ತಮ್ಮ."



"ಐವತ್ತು ದಿನ ತಾನೇ," ಎಂದ ಅವನು.

"ಒಂದು ದಿನ ಕಡಿಮೆಯಾದ್ರೂ ಆಗಲ್ಲ ಸರ್. ನಾನು ಬರೆದ ಕಾನೂನಲ್ಲ."

ಬೆತ್ತದಮ್ಮನಿಗೆ ವಕೀಲರ ಮನೆಯ ಜಗಲಿ ನೆನಪಾಯಿತು. ಕೋರ್ಟಿಗೆ ಎರಡು ತಿಂಗಳ ರಜೆ ಬರುತ್ತೆ, ರಜೆಗೆ ಮೊದಲೇ ಮುಗಿಸೋಣವೋ, ಆಮೇಲೋ ಎಂದು ವಕೀಲರು ಕೇಳಿದ್ದರು. ಮೊದಲೇ ಎಂದವಳು ಅವಳೇ. ಕಾದು ಕಾದು ಸಾಕಾಗಿದೆ, ಇನ್ನೆರಡು ತಿಂಗಳು ಆ ಮನೆಯ ಮೌನ ಕೇಳಲಾರೆ ಎಂದಿದ್ದಳು. ಆ ಎರಡು ತಿಂಗಳಲ್ಲಿ ಏನಾದರೂ ಆಗುತ್ತಿತ್ತೋ ಏನೋ. ಕಾರ್ಡಿನ ಮಾತಲ್ಲ. ಬಿಸಿಲಿನ ಎರಡು ತಿಂಗಳು, ಇಬ್ಬರೇ, ಒಂದು ಮನೆ. ಯಾವುದೋ ಒಂದು ಮಧ್ಯಾಹ್ನ ಅವನು ಬಾಯಿ ಬಿಡುತ್ತಿದ್ದನೇನೋ. ಐವತ್ತು ದಿನ ಎನ್ನುವ ಮಾತು ಅವಳ ಎದೆಯಲ್ಲಿ ಬೇರೆ ಅರ್ಥಕ್ಕೆ ಹೋಗಿ ಕೂತಿತು.

ಕೌಂಟರಿನವಳು ಪತ್ರಗಳನ್ನು ಮಡಚುತ್ತ ಹೇಳಿದಳು: "ಇನ್ನೆರಡು ದಾರಿ ಇದೆ, ಹೇಳೋದು ನನ್ನ ಕೆಲಸ. ಒಂದು, ಲೆಕ್ಕಕ್ಕೆ ಸಿಗೋ ಕೆಲಸ ಇನ್ನು ಹದಿನೈದು ತಿಂಗಳು ಮಾಡಿದ್ರೆ ನಿಮ್ಮದೇ ಹತ್ತು ವರ್ಷ ತುಂಬುತ್ತೆ. ಆಗ ಗಡುವು ದಾಟಿರುತ್ತೆ, ಪ್ರತಿ ವರ್ಷ ಮೊದಲ ಮೂರು ತಿಂಗಳು ತಡವಾದವರಿಗೆ ಅಂತ ಬಾಗಿಲು ತೆಗೀತಾರೆ, ಅದರಲ್ಲಿ ಬರಬೇಕು. ತಡವಾಗಿದ್ದಕ್ಕೆ ಕಂತು ಸ್ವಲ್ಪ ಜಾಸ್ತಿ, ಇರೋವರೆಗೂ. ಇನ್ನೊಂದು..." ಅವಳು ಇಬ್ಬರ ಮುಖವನ್ನೂ ನೋಡಿದಳು. "ಈಗಿನ ಗಂಡ ಆದ್ರೆ ಹತ್ತು ವರ್ಷ ಬೇಕಿಲ್ಲ. ಮದುವೆಯಾಗಿ ಒಂದು ವರ್ಷ ಆಗಿದ್ರೆ ಸಾಕು."

ಕಚೇರಿಯ ಹೊರಗೆ ಒಂದು ಸಿಮೆಂಟಿನ ಬೆಂಚು. ಇಬ್ಬರೂ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು. ಅವನು ಲಕೋಟೆಯನ್ನು ಮಂಡಿಯ ಮೇಲಿಟ್ಟುಕೊಂಡು ಅದರ ಅಂಚನ್ನು ನೇವರಿಸುತ್ತಿದ್ದ.

"ಹಾಗಾದ್ರೆ," ಎಂದ. "ಮತ್ತೆ ಬರೆಸಿಬಿಡೋಣವಾ?"

ಅವಳ ಕಿವಿ ಗುಂಯ್‌ಗುಟ್ಟಿತು. "ಏನನ್ನ?"

"ಅದೇ. ಮದುವೆ."

"ಯಾಕೆ?"

"ಕಾರ್ಡಿಗೆ."

ಅವಳು ಕಾದಳು. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಅದರ ಹಿಂದೆ ಎರಡು ಸೈಕಲ್ಲು. "ಬೇರೆ ಏನಾದ್ರೂ ಕಾರಣ ಇದ್ರೆ ಹೇಳಿ," ಎಂದಳು.

ಅವನು ಚಪ್ಪಲಿ ನೋಡಿಕೊಂಡ. ಗಂಟಲು ಸರಿಮಾಡಿಕೊಂಡ. "ಕಣ್ಣು ಮುಖ್ಯ ಅಲ್ವಾ," ಎಂದ.

"ಕಣ್ಣಿಗೋಸ್ಕರ ಯಾರಾದ್ರೂ ಮದುವೆ ಆಗ್ತಾರಾ? ಅಷ್ಟು ಅಗ್ಗಕ್ಕೆ ಬೇಡ. ನಾನು ಹದಿನೈದು ತಿಂಗಳು ದುಡೀತೀನಿ."

"ನಿನಗೆ ಹೇಗೆ ಬೇಕೋ ಹಾಗೆ," ಎಂದ ಅವನು.

ಅವಳು ಎದ್ದು ಬಸ್ಸಿಗೆ ಬಿರಬಿರನೆ ನಡೆದಳು. ಸಿಟ್ಟಿಗೋ, ಮತ್ತೊಂದಕ್ಕೋ, ಅವಳಿಗೇ ತಿಳಿಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಒಂದು ಶಪಥ ಮಾಡಿದಳು: ಕಾರ್ಡು ಕೈಗೆ ಬರುವ ತನಕ ಅವನ ಬಾಗಿಲು ತುಳಿಯುವುದಿಲ್ಲ. ಹೋದರೆ ಕಾರ್ಡಿಗೆ ಬಂದಳು ಎಂದಾಗುತ್ತದೆ.

ಫರ್ನಿಚರ್ ಕಾರ್ಖಾನೆಯನ್ನು ಈಗ ನಡೆಸುತ್ತಿದ್ದುದು ಹಳೆಯ ಯಜಮಾನರ ಮಗಳು. ಬೆತ್ತದಮ್ಮನನ್ನು ನೋಡಿ ಅವಳಿಗೆ ಖುಷಿಯೇ ಆಯಿತು, ಆದರೆ ಅನುಮಾನವೂ ಬಂತು. "ಅಮ್ಮ, ಕಣ್ಣು?"

"ಹೆಣೆಯೋದು ಬೆರಳು ಕಣಮ್ಮ. ಕಣ್ಣು ಬರೀ ನೋಡ್ತಾ ಕೂತಿರುತ್ತೆ."

ಅಕ್ಟೋಬರಿನ ಮೊದಲ ದಿನ ಅವಳ ಹೆಸರು ಹಾಜರಿ ಪುಸ್ತಕ ಸೇರಿತು. ಬೆಳಿಗ್ಗೆ ಎಂಟಕ್ಕೆ ಹೋಗಬೇಕು, ಸಂಜೆ ಐದಕ್ಕೆ ಬಿಡುಗಡೆ. ಕಣ್ಣಿನ ಡಾಕ್ಟರು, ಪೊರೆ ತೆಗೆಸಲು ಕಾಯಬಹುದು, ಆದರೆ ಎರಡು ವರ್ಷಕ್ಕಿಂತ ಹೆಚ್ಚು ಬೇಡ ಅಂದಿದ್ದರು. ಅವಳು ಕಿಟಕಿಯ ಪಕ್ಕದ ಜಾಗ ಹಿಡಿದು, ಎಡಗೈ ಬೆರಳಲ್ಲಿ ತೂತು ಹುಡುಕಿ ಬಲಗೈಯಲ್ಲಿ ಪೋಣಿಸುತ್ತ ಕೆಲಸ ಮಾಡಿದಳು. ಮೊದಲ ತಿಂಗಳು ಬೆನ್ನು ಹಿಡಿದುಕೊಂಡಿತು. ಎರಡನೇ ತಿಂಗಳು ಬೆನ್ನು ಸೋತು ಸುಮ್ಮನಾಯಿತು.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಯಾರೋ ಬಂದು ಅವಳೆದುರು ಕುರ್ಚಿಯೊಂದನ್ನು ಇಟ್ಟರು. "ಇದು ಹರಿದಿದೆ," ಎಂದ ದನಿ ಅವನದು.

"ಇಡಿ. ನಾಲ್ಕು ದಿನ ಬಿಟ್ಟು ಬನ್ನಿ," ಎಂದಳು, ತಲೆ ಎತ್ತದೆ. ಅವನು ಸ್ವಲ್ಪ ಹೊತ್ತು ನಿಂತಿದ್ದು ಹೋದ.

ಅವಳು ಕುರ್ಚಿಯನ್ನು ತಿರುಗಿಸಿ ಅಡಿಯಲ್ಲಿ ಕೈಯಾಡಿಸಿದಳು. ಎಳೆ ಮುಗಿಸುವಾಗ ಎರಡು ಸುತ್ತು ಸುತ್ತಿ ಒಳಗೆ ಸಿಕ್ಕಿಸುವುದು ಅವಳೊಬ್ಬಳ ರೂಢಿ. ಆ ಗಂಟು ಅಲ್ಲಿತ್ತು. ಮದುವೆಯಾದ ಹೊಸತರಲ್ಲಿ ಮನೆಗೆಂದು ಅವಳು ಹೆಣೆದಿದ್ದ ನಾಲ್ಕು ಕುರ್ಚಿಗಳಲ್ಲಿ ಒಂದು ಅದು. ಬೆತ್ತ ನಡುವೆ ಸವೆದು, ನಾರು ನಾರಾಗಿ ಹರಿದಿತ್ತು. ದಿನವೂ ಒಬ್ಬರೇ ಕೂತು ಕೂತು ಹರಿದ ಕುರ್ಚಿ.

ಫೆಬ್ರವರಿಯಲ್ಲಿ ಎರಡನೆಯದನ್ನು ತಂದ. "ಇದೂ ಹರಿದುಹೋಯ್ತು," ಎಂದ. ಅವನು ಹೋದ ಮೇಲೆ ಅವಳು ತಡವಿ ನೋಡಿದಳು. ಸವೆತವೇ ಇರಲಿಲ್ಲ. ಅಂಚುಗಳು ಚೊಕ್ಕವಾಗಿದ್ದವು, ಚಾಕುವಿನಿಂದ ಕೊಯ್ದ ಹಾಗೆ. ಕೂತು ಹರಿದ ಬೆತ್ತಕ್ಕೂ ಕೊಯ್ದ ಬೆತ್ತಕ್ಕೂ ಇರುವ ವ್ಯತ್ಯಾಸ ತಿಳಿಯಲು ಅವಳಿಗೆ ಕಣ್ಣು ಬೇಕಿರಲಿಲ್ಲ. ತನ್ನ ನಲವತ್ತು ವರ್ಷದ ಹಿಂದಿನ ಹೆಣಿಗೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಪಕ್ಕದಲ್ಲಿ ಮರ ಉಜ್ಜುತ್ತಿದ್ದ ಬಡಗಿ, "ಏನಮ್ಮ, ಧೂಳು ಬಿತ್ತಾ ಕಣ್ಣಿಗೆ?" ಎಂದ. "ಹೂಂ, ನಿನ್ನದೇ ಧೂಳು," ಎಂದು ಬೈದಳು.

ಅವನಿಗೆ ಏನೂ ಹೇಳಲಿಲ್ಲ. ಏಪ್ರಿಲಿನಲ್ಲಿ ಮೂರನೆಯದು ಬಂತು, ಜೂನಿನಲ್ಲಿ ನಾಲ್ಕನೆಯದು. ಎರಡೂ ಕೊಯ್ದವೇ. ಪ್ರತಿ ಸಲ ಅವನು ಒಂದೊಂದು ನಿಮಿಷ ಹೆಚ್ಚು ನಿಂತ. ಮೂರನೆಯ ಸಲ, "ಇಲ್ಲಿ ಸೆಕೆ ಜಾಸ್ತಿ," ಎಂದ. ನಾಲ್ಕನೆಯ ಸಲ, "ಊಟ ಎಲ್ಲಿ ಮಾಡ್ತೀಯ?" ಎಂದು ಕೇಳಿದ. ಅವಳು, ಡಬ್ಬಿ ತರ್ತೀನಿ ಎಂದಳು. ಅವನು ತಲೆಯಾಡಿಸಿ ಹೋದ. ಆ ಎರಡು ಮಾತನ್ನು ಅವಳು ವಾರಗಟ್ಟಲೆ ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದಳು.

ಆಗಸ್ಟಿನಲ್ಲಿ ಅವನು ಬರಲಿಲ್ಲ. ಎರಡು ತಿಂಗಳಿಗೊಮ್ಮೆ ಎಂದು ಅವಳು ಎಣಿಸಿಟ್ಟುಕೊಂಡಿದ್ದಳು. ಸೆಪ್ಟೆಂಬರಿನಲ್ಲಿಯೂ ಇಲ್ಲ. ಬಾಗಿಲಲ್ಲಿ ನೆರಳು ಬಿದ್ದರೆ ಕೈ ನಿಲ್ಲುತ್ತಿತ್ತು. ಬೇರೆ ಯಾರದೋ ದನಿ ಕೇಳಿದ ಮೇಲೆ ಮತ್ತೆ ಚಲಿಸುತ್ತಿತ್ತು. ಮೈಗೆ ಹುಷಾರಿಲ್ಲವೋ, ಬೇಸರವಾಯಿತೋ, ಹೋಗಲಿ ನೋಡಿಕೊಂಡು ಬರಲೋ ಎಂದು ಎರಡು ಸಲ ಬಸ್ ಸ್ಟಾಪಿನವರೆಗೆ ಹೋದಳು. ಎರಡು ಸಲವೂ ಶಪಥ ಅಡ್ಡ ಬಂತು. ತಂಗಿಯ ಮಗಳಿಗೆ ಸಂಗತಿ ಗೊತ್ತಾಗಿ, "ಅಯ್ಯೋ ದೊಡ್ಡಮ್ಮ, ಒಬ್ಬರಿಗಿಂತ ಒಬ್ಬರು ಹಟಮಾರಿಗಳು. ನಾನು ಹೋಗಿ ನೋಡಿ ಬರ್ತೀನಿ," ಎಂದು ಹೋದಳು. ಬಂದು, "ಚೆನ್ನಾಗಿದ್ದಾರೆ. ಲಿಫ್ಟಿಗೆ ಎಣ್ಣೆ ಹಾಕ್ತಿದ್ರು. ನಿಮ್ಮ ಕಣ್ಣು ಹೇಗಿದೆ ಅಂತ ಮೂರು ಸಲ ಕೇಳಿದ್ರು," ಎಂದಳು. ಮತ್ತೇನಾದ್ರೂ ಹೇಳಿದ್ರಾ ಎಂದು ಕೇಳಲು ಬೆತ್ತದಮ್ಮನಿಗೆ ಬಾಯಿ ಬರಲಿಲ್ಲ.

ಡಿಸೆಂಬರಿನ ಕೊನೆಗೆ ಹದಿನೈದು ತಿಂಗಳು ತುಂಬಿತು. ಜನವರಿಯಲ್ಲಿ ತಡವಾದವರ ಬಾಗಿಲು ತೆರೆದ ಮೊದಲ ದಿನವೇ ಅವಳು ಹೋಗಿ ಸಾಲಿನಲ್ಲಿ ನಿಂತಳು. ಕೌಂಟರಿನಲ್ಲಿ ಅದೇ ಹೆಂಗಸು.

"ಹತ್ತು ವರ್ಷ, ಸೊನ್ನೆ ತಿಂಗಳು," ಎಂದು ಓದಿ ಹೇಳಿದಳು. "ಒಂದು ದಿನವೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಫೆಬ್ರವರಿ ಒಂದರಿಂದ ಜಾರಿ." ಆಮೇಲೆ ದನಿ ತಗ್ಗಿಸಿ, "ಅವತ್ತು ನಿಮ್ಮ ಜೊತೆ ಬಂದಿದ್ದರಲ್ಲ, ಅವರು ಹೇಗಿದ್ದಾರೆ?"

"ಲಿಫ್ಟಿಗೆ ಎಣ್ಣೆ ಹಾಕ್ತಿದ್ದಾರಂತೆ," ಎಂದಳು ಬೆತ್ತದಮ್ಮ.

ಮಾರ್ಚಿನಲ್ಲಿ ಬಲಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ದಿನ ಅವಳು ತನ್ನ ಕೈಗಳನ್ನೇ ನೋಡುತ್ತ ಕೂತಳು. ಬೆರಳ ಗಂಟುಗಳು ಇಷ್ಟು ದಪ್ಪವಾಗಿವೆ ಎಂದು ಗೊತ್ತೇ ಇರಲಿಲ್ಲ. ಗೋಡೆಯ ಬಣ್ಣ ಹಳದಿ ಎಂದುಕೊಂಡಿದ್ದಳು, ಅದು ಬಿಳಿಯಾಗಿತ್ತು. ಏಪ್ರಿಲಿನಲ್ಲಿ, ಡಾಕ್ಟರು ಬಸ್ಸಿನಲ್ಲಿ ಓಡಾಡಬಹುದು ಎಂದ ದಿನ, ಮಂಗಳವಾರ, ಕಾರ್ಡನ್ನು ಕೈಚೀಲದಲ್ಲಿಟ್ಟುಕೊಂಡು ಊರಿನ ಆಚೆ ತುದಿಗೆ ಹೊರಟಳು.

ಅವನು ಬಾಗಿಲು ತೆಗೆದ. ಈ ಸಲ ಎಲ್ಲ ಕಂಡಿತು. ಕೆನ್ನೆಯ ಸುಕ್ಕು, ಹುಬ್ಬಿನಲ್ಲಿ ಬೆಳೆದ ಉದ್ದ ಬಿಳಿಗೂದಲು, ಕುತ್ತಿಗೆಯ ಸಡಿಲ ಚರ್ಮ. ಅವನಿಗೆ ಎಪ್ಪತ್ತು ದಾಟಿತ್ತು. ಆ ಸುಕ್ಕುಗಳಲ್ಲಿ ಒಂದೂ ತನ್ನ ಕಣ್ಣೆದುರು ಮೂಡಿದ್ದಲ್ಲ.

"ಕಾರ್ಡು ಬಂತು," ಎಂದಳು. "ನನ್ನದೇ ಹೆಸರಲ್ಲಿ."

"ಒಳ್ಳೇದಾಯ್ತು. ಬಾ, ಕೂತ್ಕೋ."

ಮೇಜಿನ ಸುತ್ತ ನಾಲ್ಕು ಕುರ್ಚಿಗಳು. ಅವಳು ಒಂದರಲ್ಲಿ ಕೂತಳು. ಎದುರಿನ ಕುರ್ಚಿಯ ಹೆಣಿಗೆಯಲ್ಲಿ ಒಂದು ಎಳೆ ತಪ್ಪಿ ಪಕ್ಕದ ತೂತಿಗೆ ಹೋಗಿದ್ದು ಕಂಡಿತು. ಕಣ್ಣಿಲ್ಲದೆ ಹೆಣೆದದ್ದು.

"ಯಾಕೆ ಬರೋದು ನಿಲ್ಲಿಸಿದ್ರಿ?"

ಅವನು ಟೀ ಪಾತ್ರೆ ಒಲೆಯ ಮೇ‌ಲಿಡುತ್ತಿದ್ದ. ಬೆನ್ನು ತಿರುಗಿಸಿಕೊಂಡೇ ಹೇಳಿದ: "ಕುರ್ಚಿ ಮುಗಿದುಹೋದ್ವು. ಇದ್ದಿದ್ದೇ ನಾಲ್ಕು."

ಅವಳಿಗೆ ನಗು ಬಂತು. ನಗಲು ಹೋಗಿ ಅಳು ಬಂತು. "ಕುರ್ಚಿ ಇಲ್ಲದೆ ಬರೋಕಾಗ್ತಿರಲಿಲ್ವಾ?"

"ಏನಂತ ಬರಲಿ? ಅವತ್ತು ಬೆಂಚಿನ ಮೇಲೆ ಕೇಳಿದೆ, ನೀನು ಬೇಡ ಅಂದೆ."

"ಕಾರ್ಡಿಗೆ ಅಂತ ಕೇಳಿದ್ರಿ."

ಒಲೆ ಆರಿಸಿ ಬಂದು ಎದುರು ಕೂತ. ಮೇಜಿನ ಮೇಲೆ ಎರಡೂ ಕೈ ಇಟ್ಟ. ಮಾತು ಹುಡುಕುವುದು ಅವನಿಗೆ ಯಾವಾಗಲೂ ಕತ್ತಲಲ್ಲಿ ಬೀಗ ತೆಗೆದ ಹಾಗೆ. ಅವಳು ಈ ಸಲ ಅವಸರ ಮಾಡಲಿಲ್ಲ.

"ಕೋರ್ಟಿನಲ್ಲಿ," ಎಂದ ಕೊನೆಗೆ, "ಅವರು ಕೇಳಿದಾಗ ನಾನು ಬೇಡ ಅನ್ನಬೇಕು ಅಂತಲೇ ಬಂದಿದ್ದೆ. ಬರೋ ದಾರೀಲಿ ಬಾಯಿಪಾಠ ಮಾಡ್ಕೊಂಡಿದ್ದೆ. ನೀನು ಒಂದು ಸಲ ನನ್ನ ಕಡೆ ನೋಡಿದ್ರೆ ಹೇಳ್ತಿದ್ದೆ. ನೀನು ಕಿಟಕಿ ನೋಡ್ತಾ ಕೂತಿದ್ದೆ. ಇವಳಿಗೆ ನಿಜವಾಗಿಯೂ ಬೇಡವಾಗಿದೆ ಅಂದ್ಕೊಂಡೆ."

"ನಿಮ್ಮ ಕಡೆ ನೋಡಿದ್ರೆ ಅತ್ತುಬಿಡ್ತೀನಿ ಅಂತ ನೋಡಲಿಲ್ಲ ಕಣ್ರೀ."

ಕೆಳಗೆ ಯಾರೋ ಜಾಲರಿಯನ್ನು ಅರ್ಧ ಎಳೆದು ಲಿಫ್ಟನ್ನು ಬೈಯುತ್ತಿದ್ದರು. ಅವನು ಏಳಲಿಲ್ಲ. ಅವಳು ಗಮನಿಸಿದಳು: ಲಿಫ್ಟು ನಿಂತಿದೆ, ಅವನು ಎದ್ದು ಓಡಲಿಲ್ಲ.

"ಆಗ ಏನಂತ ಬಾಯಿಪಾಠ ಮಾಡಿದ್ರಿ?"

ಅವನು ನಾಚಿಕೊಂಡ. "ಈಗ ಹೇಗೆ ಹೇಳೋದು? ಮೂವತ್ತಮೂರು ವರ್ಷದ ಮಾತು."

"ಹೇಳಿ. ಕೇಳೋಕೆ ಅಂತ ಬಂದಿದ್ದೀನಿ."

"ಇವಳಿಲ್ಲದ ಮನೆಗೆ ಹೋಗೋಕೆ ನನಗಾಗಲ್ಲ, ಅಂತ," ಎಂದ. ಆಮೇಲೆ ಇನ್ನೂ ಮೆಲ್ಲಗೆ, "ಹೋದೆ. ಅಭ್ಯಾಸ ಮಾತ್ರ ಆಗಲಿಲ್ಲ."

ಟೀ ಆರಿಹೋಗಿತ್ತು, ಮತ್ತೆ ಕಾಯಿಸಿದರು. ಮಧ್ಯಾಹ್ನ ಅವನು ಅಡುಗೆ ಮಾಡಿದ, ಅವಳು ತರಕಾರಿ ಹೆಚ್ಚಿದಳು. ಉಪ್ಪು ಹೆಚ್ಚಾಗಿತ್ತು, ಇಬ್ಬರೂ ಹೇಳಲಿಲ್ಲ. ಉಣ್ಣುವಾಗ ಅವನು ತನ್ನ ಕೆಲಸದ ಕಥೆಗಳನ್ನು ಹೇಳಿದ: ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡು ಹಾಡು ಹೇಳುತ್ತ ಕೂತಿದ್ದ ಮದುಮಗಳು, ನಾಲ್ಕನೇ ಮಹಡಿಗೆ ತಾನೇ ಹೋಗಿ ಬರುತ್ತಿದ್ದ ಬೆಕ್ಕು. ಅವಳಿಗೆ ಗೊತ್ತಿಲ್ಲದ ವರ್ಷಗಳ ಕಥೆಗಳು. ಅವಳು ನಗುತ್ತಿದ್ದಳು, ನಗುತ್ತಲೇ ಒಳಗೆ ಸಂಕಟವಾಗುತ್ತಿತ್ತು. ಇವೆಲ್ಲ ಅಂದಂದಿನ ಸಂಜೆಯೇ ಕೇಳಬೇಕಾಗಿದ್ದ ಕಥೆಗಳು.

ಬಿಸಿಲಿಳಿದ ಮೇಲೆ ಎದ್ದಳು. ಮಾರನೆಯ ಬೆಳಿಗ್ಗೆ ಎಡಗಣ್ಣಿನ ಪರೀಕ್ಷೆಗೆ ಹೋಗಬೇಕಿತ್ತು. ಅವನು ಬಸ್ ಸ್ಟಾಪಿನವರೆಗೆ ಬಂದ. ಮದುವೆಯ ಮಾತು ಅವನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವಳ ಬಸ್ಸು ಬಂತು. ಹತ್ತಲಿಲ್ಲ. "ರಶ್ ಇದೆ," ಎಂದಳು. ಬಸ್ಸಿನಲ್ಲಿ ಆರೇ ಜನ ಇದ್ದರು. ಇನ್ನೊಂದು ಬಂತು, ಅದನ್ನೂ ಬಿಟ್ಟರು.

"ಭಾನುವಾರ ಬರ್ತೀಯಾ?" ಎಂದ ಅವನು.

"ಭಾನುವಾರಕ್ಕೆ ಇನ್ನೂ ಐದು ದಿನ ಇದೆಯಲ್ರೀ."

ಅವನು ಬೆರಳಲ್ಲಿ ದಿನ ಎಣಿಸಿದ. "ಹಾಗಾದ್ರೆ ನಾಳೆ ಕಣ್ಣಾಸ್ಪತ್ರೆಗೆ ನಾನೂ ಬರ್ತೀನಿ. ಎಷ್ಟು ಗಂಟೆಗೆ?"

"ಒಂಬತ್ತಕ್ಕೆ."

"ಎಂಟೂವರೆಗೇ ಬಂದಿರ್ತೀನಿ."

ಮೂರನೆಯ ಬಸ್ಸು ಹತ್ತಿ ಅವಳು ಹಿಂದಿನ ಸೀಟಿನಲ್ಲಿ ಕೂತು ತಿರುಗಿ ನೋಡಿದಳು. ಅವನು ಅಲ್ಲೇ ನಿಂತಿದ್ದ, ಒಂದು ಕೈ ಅರ್ಧ ಎತ್ತಿಕೊಂಡು. ಬಸ್ಸು ತಿರುವು ತೆಗೆದುಕೊಳ್ಳುವವರೆಗೂ ಸ್ಪಷ್ಟವಾಗಿ ಕಾಣುತ್ತಿದ್ದ. ಎಂಟೂವರೆಗೆ ಇನ್ನೂ ಹದಿನಾಲ್ಕು ಗಂಟೆ ಇತ್ತು.